ಕೆಸರಿನ ಹಕ್ಕಿಗಳೂ ಕೈಪಿಡಿಯ ಚಿತ್ರಗಳೂ

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ವಿದ್ಯಾರ್ಥಿಗಳೊಂದಿಗೆ ಊರ ಕೆರೆಗೆ ಹೋಗಿದ್ದೀರಿ ಎಂದುಕೊಳ್ಳಿ. ಅಂಚಿನ ಕೆಸರಿನಲ್ಲಿ ಏಳೆಂಟು ಕಂದು ಹಕ್ಕಿಗಳು ಆಹಾರ ಹುಡುಕುತ್ತಿವೆ. ವಿದ್ಯಾರ್ಥಿ ಕೈಪಿಡಿಯ ಪುಟ ಮಗುಚುತ್ತಾನೆ; ಬಣ್ಣ ಹೋಲುವ ಚಿತ್ರ ಸಿಕ್ಕಿದೊಡನೆ ಹೆಸರು ಬರೆದುಕೊಳ್ಳುತ್ತಾನೆ. ಆ ಹೆಸರು ತಪ್ಪಾಗಿರುವ ಸಂಭವ ಬಹಳ. ಆದರೆ ಅವನನ್ನು ದೂರುವಂತಿಲ್ಲ. ಚಿತ್ರ ಹೊಂದಿಸುವುದೇ ಹಕ್ಕಿ ಗುರುತಿಸುವುದು ಎಂದು ಕಲಿಸಿದವರು ನಾವು.

ಚಿತ್ರ ಕೈಪಿಡಿಗಳ ಉಪಕಾರ ಸಣ್ಣದಲ್ಲ. 1934ರಲ್ಲಿ ಅಮೆರಿಕದ ರೋಜರ್ ಟೋರಿ ಪೀಟರ್‌ಸನ್ ಚಿತ್ರಗಳ ಮೇಲೆ ಪುಟ್ಟ ಗೆರೆಗಳನ್ನೆಳೆದು, ಎಲ್ಲಿ ನೋಡಬೇಕೆಂದು ತೋರಿಸಿದರು. ನಮ್ಮಲ್ಲಿ 1941ರಲ್ಲಿ ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಬಂತು. ಹಕ್ಕಿಯ ಗಾತ್ರವನ್ನು ಗುಬ್ಬಿ, ಪಿಕಳಾರ, ಮೈನಾ, ಪಾರಿವಾಳ, ಕಾಗೆಗಳಿಗೆ ಹೋಲಿಸಿ ಹೇಳುವ ಅದರ ಕ್ರಮ ಇಂದಿಗೂ ಉಪಯುಕ್ತ. ಆದರೆ ಬಹುಪಾಲು ಓದುಗರು ಆ ಸಾಲನ್ನು ದಾಟಿ ನೇರವಾಗಿ ಚಿತ್ರಕ್ಕೆ ಹೋಗುತ್ತಾರೆ.

ಕೆಸರಿನ ಹಕ್ಕಿಗಳ ವಿಷಯದಲ್ಲಿ ಈ ಅಭ್ಯಾಸ ದುಬಾರಿಯಾಗುತ್ತದೆ. ಅವುಗಳಲ್ಲಿ ಬಹಳಷ್ಟು ದೂರದ ಉತ್ತರದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಪೆಸಿಫಿಕ್ ಗೋಲ್ಡನ್ ಪ್ಲೋವರ್‌ಗೆ ಸಂತಾನಕಾಲದಲ್ಲಿ ಮುಖದಿಂದ ಹೊಟ್ಟೆಯವರೆಗೆ ಕಪ್ಪು ಬಣ್ಣ. ನಮ್ಮ ಚಳಿಗಾಲದಲ್ಲಿ ಆ ಕಪ್ಪು ಇರುವುದಿಲ್ಲ. ಗ್ರಿಮೆಟ್ ಮತ್ತು ಇನ್‌ಸ್ಕಿಪ್ ದಂಪತಿಗಳ 1998ರ ಕೈಪಿಡಿಯಂಥವು ಎರಡೂ ಕಾಲದ ಗರಿಹೊದಿಕೆಯನ್ನು ತೋರಿಸುತ್ತವೆ, ನಿಜ. ಆದರೂ ಕಣ್ಣು ಹೋಗುವುದು ಬಣ್ಣದ ಚಿತ್ರದ ಕಡೆಗೇ. ಅಲ್ಲದೆ ಹಕ್ಕಿಯ ನಡಿಗೆಯನ್ನು ಯಾವ ಚಿತ್ರವೂ ತೋರಿಸಲಾರದು.

ಆದ್ದರಿಂದ ನೋಡುವ ಕ್ರಮವನ್ನೇ ಬದಲಿಸಿ: ಮೊದಲು ಗಾತ್ರ, ಕೊಕ್ಕು, ಕಾಲು, ಅನಂತರ ನಡಿಗೆ, ಹಾರಾಟ, ಕೊನೆಗೆ ಬಣ್ಣ. ನಮ್ಮ ಕೆರೆಗಳ ಮೂರು ಗದ್ದೆ ಗೊರವಗಳನ್ನು ಪರೀಕ್ಷಿಸಿ. ಬಾಲದ ಭಾಗವನ್ನು ಸದಾ ಮೇಲೆ ಕೆಳಗೆ ಕುಣಿಸುತ್ತಾ, ಎದೆಯ ಪಕ್ಕದಿಂದ ಹೆಗಲಿನತ್ತ ಬಿಳಿ ಬೆಣೆಯೊಂದು ಏರಿದ್ದರೆ ಅದು ಕಾಮನ್ ಸ್ಯಾಂಡ್‌ಪೈಪರ್. ಹಾರುವಾಗ ಇದು ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆಗಳನ್ನು ಸೆಟೆದು ಬಡಿಯುತ್ತದೆ. ಬಾಲದ ಬುಡದಲ್ಲಿ ಬಿಳಿ ಕಾಣದು. ಉಳಿದೆರಡರಲ್ಲಿ ಬಾಲದ ಬುಡ ಬಿಳಿ. ಹುಬ್ಬಿನ ಬಿಳಿ ಪಟ್ಟೆ ಕಣ್ಣಿನ ಹಿಂದಕ್ಕೂ ಚಾಚಿದ್ದು, ಬೆನ್ನಿನ ಚುಕ್ಕೆಗಳು ಎದ್ದು ಕಾಣುತ್ತಿದ್ದರೆ ವುಡ್ ಸ್ಯಾಂಡ್‌ಪೈಪರ್. ಪಟ್ಟೆ ಕಣ್ಣಿನ ಮುಂದೆಯೇ ನಿಂತು, ಬೆನ್ನು ಇನ್ನಷ್ಟು ಕಪ್ಪಾಗಿದ್ದರೆ ಗ್ರೀನ್ ಸ್ಯಾಂಡ್‌ಪೈಪರ್. ಹಾರಿದಾಗ ರೆಕ್ಕೆಯ ಅಡಿಭಾಗ ಮೊದಲನೆಯದರಲ್ಲಿ ತಿಳಿ ಬಣ್ಣ, ಎರಡನೆಯದರಲ್ಲಿ ಕಪ್ಪು. ಹೀಗೆ ಎರಡು ಮೂರು ಲಕ್ಷಣಗಳು ಒಂದೇ ಉತ್ತರ ಹೇಳಿದಾಗ ಮಾತ್ರ ಹೆಸರು ಬರೆಯಿರಿ.

ಒಂದೇ ಲಕ್ಷಣವನ್ನು ನಂಬುವುದೂ ಅಪಾಯ. ಲಿಟಲ್ ಸ್ಟಿಂಟ್‌ನ ಕಾಲು ಕಪ್ಪು, ಟೆಮ್ಮಿಂಕ್ಸ್ ಸ್ಟಿಂಟ್‌ನದು ಹಳದಿ ಮಿಶ್ರಿತ ಹಸಿರು. ಆದರೆ ಕೆಸರು ಮೆತ್ತಿದ ಕಾಲು ಯಾವುದಾದರೂ ಕಪ್ಪಾಗಿಯೇ ಕಾಣುತ್ತದೆ. ಒಂಟಿ ಹಕ್ಕಿಯ ಗಾತ್ರವೂ ಮೋಸ ಮಾಡುತ್ತದೆ. ಪಕ್ಕದಲ್ಲಿ ಮೆಟ್ಟುಗಾಲು ಹಕ್ಕಿಯೋ ಟಿಟ್ಟಿಭವೋ ಇದ್ದರೆ ಅಳತೆಗೋಲು ಸಿಕ್ಕಂತೆ. ಮೊಬೈಲಿಗೆ ಫೋಟೊ ಕೊಟ್ಟು ಹೆಸರು ಪಡೆಯುವುದು ಸುಲಭ. ಆದರೆ ‘ಏಕೆ?’ ಎಂಬ ಪ್ರಶ್ನೆಗೆ ಉತ್ತರಿಸಲಾಗದ ವಿದ್ಯಾರ್ಥಿ ಹೆಸರನ್ನು ಪಡೆದನೇ ಹೊರತು ಹಕ್ಕಿಯನ್ನು ನೋಡಲಿಲ್ಲ.

ಇದು ಬರಿಯ ಹವ್ಯಾಸದ ಮಾತಲ್ಲ. 1987ರಲ್ಲಿ ಆರಂಭವಾದ ಏಷ್ಯನ್ ನೀರುಹಕ್ಕಿ ಗಣತಿಯಲ್ಲಿ ಪ್ರತಿ ಜನವರಿ ಸ್ವಯಂಸೇವಕರು ಜಾತಿವಾರು ಎಣಿಕೆ ಮಾಡುತ್ತಾರೆ. ಒಂದು ಜಾತಿಯ ಒಟ್ಟು ಸಂಖ್ಯೆಯ ಶೇಕಡ 1ರಷ್ಟು ಹಕ್ಕಿಗಳಿಗೆ ನಿಯತವಾಗಿ ಆಶ್ರಯ ಕೊಡುವುದು ರಾಮ್ಸರ್ ಮಾನ್ಯತೆಯ ಮಾನದಂಡಗಳಲ್ಲೊಂದು. 2024ರಲ್ಲಿ ಆ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಿರಲಿ, ನಿಮ್ಮೂರ ಕೆರೆಯಿರಲಿ, ಅಲ್ಲೇನಿದೆ ಎಂದು ಹೇಳುವ ಆಧಾರ ಇಂಥ ಎಣಿಕೆಗಳೇ. ತಪ್ಪು ಹೆಸರು ಇಲ್ಲದ ಹಕ್ಕಿಯನ್ನು ದಾಖಲಿಸುತ್ತದೆ, ಇರುವುದನ್ನು ಮರೆಮಾಡುತ್ತದೆ.

ಅಧ್ಯಾಪಕರು ಒಂದು ಪ್ರಯೋಗ ಮಾಡಿ ನೋಡಬಹುದು. ಕೈಪಿಡಿಯನ್ನು ಮೊದಲ ಅರ್ಧ ಗಂಟೆ ಚೀಲದಲ್ಲೇ ಇಡಿಸಿ. ಹಕ್ಕಿಯ ರೇಖಾಚಿತ್ರ ಬರೆದು, ಕಂಡ ಲಕ್ಷಣಗಳನ್ನು ಗುರುತು ಹಾಕಲು ಹೇಳಿ. ಆಮೇಲೆ ಪುಸ್ತಕ ತೆರೆಯಲಿ. ಲಕ್ಷಣಗಳು ಸಾಲದಿದ್ದರೆ ‘ಗದ್ದೆ ಗೊರವ, ಜಾತಿ ತಿಳಿಯದು’ ಎಂದು ಬರೆಯಲಿ. ಆ ಉತ್ತರಕ್ಕೂ ಪೂರ್ಣ ಅಂಕ ಕೊಡಿ.