ಗೂಬೆಯ ಚೀಟಿ ಹೇಳಿದ ಸುಳ್ಳು: ಮ್ಯೂಸಿಯಂ ದಾಖಲೆಗಳನ್ನು ಒಂದುಗೂಡಿಸುವ ಬಗ್ಗೆ

ಶಾಸನ ಓದುವವರಿಗೂ ಗೂಬೆಗೂ ಏನು ಸಂಬಂಧ ಅಂತ ಕೇಳಬಹುದು. ಸ್ವಲ್ಪ ತಾಳ್ಮೆ ಇರಲಿ, ಕೊನೆಗೆ ನಮ್ಮ ಶ್ರವಣಬೆಳಗೊಳಕ್ಕೇ ಬರ್ತೀನಿ.

ಫಾರೆಸ್ಟ್ ಔಲೆಟ್ ಮಧ್ಯ ಭಾರತದ ಒಂದು ಪುಟ್ಟ ಗೂಬೆ. 1873ರಲ್ಲಿ ಹ್ಯೂಮ್ ಇದನ್ನು ಮೊದಲು ವರ್ಣಿಸಿದರು. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಇದಕ್ಕಿದ್ದ ಗಟ್ಟಿ ಆಧಾರವೆಂದರೆ ಮ್ಯೂಸಿಯಂಗಳಲ್ಲಿದ್ದ ಏಳು ಚರ್ಮಗಳು ಮಾತ್ರ. ಆರು 19ನೇ ಶತಮಾನದವು. ಏಳನೆಯದರ ಚೀಟಿಯಲ್ಲಿ 1914, ಗುಜರಾತಿನ ಮಾಂಡ್ವಿ, ಸಂಗ್ರಹಿಸಿದವರು ಕರ್ನಲ್ ಮೈನರ್ಟ್ಸ್‌ಹಾಗೆನ್ ಎಂದಿತ್ತು.

ಚೀಟಿ ಸುಳ್ಳು. ಜೇಮ್ಸ್ ಡೇವಿಡ್‌ಸನ್ ಎಂಬುವರು 1880ರ ದಶಕದಲ್ಲಿ ಸಂಗ್ರಹಿಸಿದ್ದ ಚರ್ಮವನ್ನು ಬ್ರಿಟಿಷ್ ಮ್ಯೂಸಿಯಂನಿಂದ ಕದ್ದು, ಮತ್ತೆ ತುಂಬಿಸಿ, ಹೊಸ ಚೀಟಿ ಕಟ್ಟಲಾಗಿತ್ತು. ಚೀಟಿ ಬದಲಾಯಿತು, ಆದರೆ ಡೇವಿಡ್‌ಸನ್ ಕೈಕೆಲಸದ ಗುರುತು ಚರ್ಮದಲ್ಲೇ ಉಳಿದಿತ್ತು. ಪಮೇಲಾ ರಾಸ್ಮುಸ್ಸೆನ್ ಮತ್ತು ನೈಜೆಲ್ ಕಾಲರ್ ಇದನ್ನು ಸಾಬೀತು ಮಾಡಿದರು. ಮಾಂಡ್ವಿಯನ್ನು ಬಿಟ್ಟು ಹಳೆಯ ನಿಜವಾದ ಜಾಗಗಳ ಜಾಡು ಹಿಡಿದ ರಾಸ್ಮುಸ್ಸೆನ್ ತಂಡಕ್ಕೆ 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಜೀವಂತ ಗೂಬೆಯೇ ಕಂಡಿತು.

ಕೂಟ ತಾಮ್ರಶಾಸನಗಳ ಕಥೆ ಗೊತ್ತಿರುವ ನಮಗೆ ಇದು ಹೊಸದಲ್ಲ. ಪಠ್ಯ ಸುಳ್ಳು ಹೇಳಿದಾಗ ಲಿಪಿ ನಿಜ ಹೇಳುತ್ತೆ, ಅಲ್ವಾ?

ಈಗ ಅಸಲು ವಿಷಯ. ಜಗತ್ತಿನ ನಿಸರ್ಗ ಮ್ಯೂಸಿಯಂಗಳು ತಮ್ಮ ದಾಖಲೆಗಳನ್ನು ಒಂದೇ ಡಿಜಿಟಲ್ ವ್ಯವಸ್ಥೆಗೆ ತರುತ್ತಿವೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಒಂದರಲ್ಲೇ ಸುಮಾರು 8 ಕೋಟಿ ಮಾದರಿಗಳಿವೆ. 2001ರಲ್ಲಿ ಶುರುವಾದ, ಕೋಪನ್‌ಹೇಗನ್ನಿನಲ್ಲಿ ಕಚೇರಿಯಿರುವ ಜಿಬಿಐಎಫ್ ಎಲ್ಲ ದೇಶಗಳ ದಾಖಲೆಗಳನ್ನು ಒಂದೆಡೆ ಹುಡುಕುವಂತೆ ಮಾಡಿದೆ. ಇದಕ್ಕೆ ಬೇಕಾದ ಸಮಾನ ಭಾಷೆ ಡಾರ್ವಿನ್ ಕೋರ್, 2009ರಲ್ಲಿ ಅಧಿಕೃತ ಮಾನದಂಡವಾಯಿತು.

ಇದು ಬೇಡ ಅಂತ ನಾನು ಹೇಳುತ್ತಿಲ್ಲ. ಒಂದೇ ಮರದ ಕೊಂಬೆಗಳನ್ನು ಒಣಗಿಸಿ ನಾಲ್ಕಾರು ಸಸ್ಯಾಗಾರಗಳಿಗೆ ಕಳಿಸುವುದು ಹಳೆಯ ಪದ್ಧತಿ. ಸಾಲವೃಕ್ಷದ ಕುಟುಂಬದ ಇಂಥ ಜೋಡಿ ಮಾದರಿಗಳನ್ನು 2015ರ ಒಂದು ಅಧ್ಯಯನ ಹೋಲಿಸಿದಾಗ, ಶೇ. 29ರಷ್ಟಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರಿತ್ತು. ದಾಖಲೆಗಳನ್ನು ಪಕ್ಕಪಕ್ಕ ಇಡದೇ ಹೋದರೆ ಇದು ಯಾರಿಗೂ ಗೊತ್ತಾಗಲ್ಲ. ಗೂಬೆಯ ಕಳ್ಳತನ ಸಿಕ್ಕಿದ್ದೂ ಒಬ್ಬರ ಸಂಗ್ರಹವನ್ನು ಇನ್ನೊಬ್ಬರದರ ಜೊತೆ ಇಟ್ಟು ನೋಡಿದ್ದರಿಂದಲೇ.

ಜಿಬಿಐಎಫ್ ಮಾಡಿರುವ ಒಂದು ಕೆಲಸ ನನಗೆ ತುಂಬಾ ಹಿಡಿಸಿತು. ಮ್ಯೂಸಿಯಂ ಕಳಿಸಿದ ಮೂಲವನ್ನೂ ತಾನು ಮಾಡಿದ ಅರ್ಥವನ್ನೂ ಅಕ್ಕಪಕ್ಕ ತೋರಿಸುತ್ತದೆ. ಅಕ್ಷಾಂಶ, ರೇಖಾಂಶ ಎರಡೂ ಸೊನ್ನೆಯಾಗಿ ಕಾಡುಪ್ರಾಣಿಯೊಂದು ಆಫ್ರಿಕಾ ಪಕ್ಕದ ಸಮುದ್ರದಲ್ಲಿ ಬಿದ್ದಿದ್ದರೆ, ಅಲ್ಲೊಂದು ಎಚ್ಚರಿಕೆಯ ಗುರುತು ಹಾಕುತ್ತದೆ.

ನನ್ನ ತಕರಾರು ಮುಂದಿನ ಹೆಜ್ಜೆಯದು. ಚೀಟಿಯಲ್ಲಿದ್ದ ಸ್ಥಳ, ದಿನಾಂಕಗಳನ್ನು ಇದ್ದಂತೆಯೇ ಬರೆಯಲು ಡಾರ್ವಿನ್ ಕೋರ್‌ನಲ್ಲಿ ಕಾಲಂಗಳಿವೆ, ಆದರೆ ಕಡ್ಡಾಯವಲ್ಲ. ಹಿಂದಿನ ಗುರುತಿಸುವಿಕೆಗಳನ್ನು ಬರೆಯಲು ಜಾಗವಿದೆ, ತುಂಬಲೇಬೇಕೆಂದಿಲ್ಲ. ಹೀಗಾಗಿ ಕಳಿಸುವವರು ಮೊದಲೇ ಸ್ವಚ್ಛ ಮಾಡಿ ಕಳಿಸಿದರೆ, ಮೂಲ ಅಂತ ನಮಗೆ ಕಾಣುವುದೂ ತೊಳೆದ ಮೂಲವೇ. ಮಾಂಡ್ವಿ ಚೀಟಿಯನ್ನು ಇಂಥ ಒಂದು ಸಾಲಿಗೆ ಹಾಕಿ ನೋಡಿ. ದಿನಾಂಕ ಸರಿ, ಊರು ಇದೆ, ಹೆಸರು ಸರಿ. ಯಾವ ಎಚ್ಚರಿಕೆಯೂ ಬರಲ್ಲ. ಯಂತ್ರ ತಪ್ಪನ್ನು ಹಿಡಿಯುತ್ತೆ, ಸುಳ್ಳನ್ನು ಹಿಡಿಯಲ್ಲ. ಸುಳ್ಳು ಹಿಡಿಯಲು ವಸ್ತು ಬೇಕು, ಅದರ ಮೇಲೆ ಯಾರು ಯಾವಾಗ ಏನು ಬರೆದರು ಎಂಬ ಪದರಗಳೂ ಬೇಕು.

ಈ ಪಾಠ ನಾನು ಕಲಿತದ್ದು ಪೆಟ್ಟು ತಿಂದೇ. ಕೆಲವು ವರ್ಷಗಳ ಹಿಂದೆ ಶಾಸನಗಳ ಒಂದು ಎಕ್ಸೆಲ್ ಪಟ್ಟಿ ಮಾಡಿದ್ದೆ. ಎಂಜಿನಿಯರ್ ಬುದ್ಧಿ ನೋಡಿ, ಕಾಲಕ್ಕೆ ಒಂದೇ ಕಾಲಂ! ಶಕವರ್ಷವನ್ನೆಲ್ಲ ಕ್ರಿಸ್ತಶಕಕ್ಕೆ ತಿರುಗಿಸಿ, ಸಂವತ್ಸರ, ತಿಥಿ, ವಾರ ಬಿಟ್ಟುಬಿಟ್ಟೆ. ಶಕವರ್ಷಕ್ಕೂ ಸಂವತ್ಸರಕ್ಕೂ ತಾಳೆಯಾಗದಿದ್ದರೆ ಅದು ಗತವರ್ಷ, ವರ್ತಮಾನವರ್ಷದ ಲೆಕ್ಕ ಇರಬಹುದು, ಕೂಟಶಾಸನದ ಸುಳಿವೂ ಇರಬಹುದು. ನನ್ನ ಪಟ್ಟಿಯಲ್ಲಿ ಎಲ್ಲವೂ ಅಚ್ಚುಕಟ್ಟು, ಸುಳಿವು ಮಾತ್ರ ಒಂದೂ ಇಲ್ಲ. ಮತ್ತೆ ಮೊದಲಿಂದ ಶುರು ಮಾಡಬೇಕಾಯ್ತು.

ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರು. ಶ್ರವಣಬೆಳಗೊಳ ಸಂಪುಟದಲ್ಲಿ 1889ರಲ್ಲಿ ರೈಸ್ ಕೊಟ್ಟದ್ದು 144 ಶಾಸನ. 1923ರಲ್ಲಿ ಆರ್. ನರಸಿಂಹಾಚಾರ್ ಅದನ್ನು 500ಕ್ಕೆ ಏರಿಸಿದರು. 1973ರ ಆವೃತ್ತಿಯಲ್ಲಿ 573. ಪ್ರತಿ ಸಲವೂ ಸಂಖ್ಯೆ ಬದಲಾಯಿತು. ಮಲ್ಲಿಷೇಣ ಪ್ರಶಸ್ತಿ ರೈಸರಲ್ಲಿ 54, ನರಸಿಂಹಾಚಾರರಲ್ಲಿ 67. ಆದರೂ ಇವತ್ತಿಗೂ 67 (54) ಅಂತ ಎರಡನ್ನೂ ಬರೆಯುವ ರೂಢಿ ಇದೆ. ಆ ಪುಟ್ಟ ಆವರಣ ಚಿಹ್ನೆ ಇಲ್ಲದಿದ್ದರೆ ಹಳೆಯ ಲೇಖನ ಓದುವವನು ದಾರಿ ತಪ್ಪುತ್ತಿದ್ದ.

ನಾಳೆ ನಮ್ಮ ಶಾಸನಗಳಿಗೂ ಒಂದೇ ಡಿಜಿಟಲ್ ಕಣಜ ಕಟ್ಟುವವರು ಮ್ಯೂಸಿಯಂಗಳಿಂದ ಕೂಡಿಸುವುದನ್ನು ಕಲಿಯಲಿ. ಆದರೆ ಮೂರು ಕಾಲಂಗಳನ್ನು ಕಡ್ಡಾಯ ಮಾಡಲಿ: ಕಲ್ಲಿನಲ್ಲಿ ಏನಿದೆ, ಅದನ್ನು ಯಾರು ಯಾವಾಗ ಹೇಗೆ ಓದಿದರು, ಹಿಂದೆ ಅದಕ್ಕೆ ಯಾವ ಸಂಖ್ಯೆಗಳಿದ್ದವು. ಖಾಲಿ ಬಿಟ್ಟರೆ ದಾಖಲೆ ಒಳಗೆ ಬರಲೇಬಾರದು. ಕೆಲಸ ನಿಧಾನವಾಗುತ್ತೆ, ನಿಜ. ಆದರೆ ಗೂಬೆ ಸಿಕ್ಕಿದ್ದು ಶಹಾದಾದಲ್ಲಿ, ಚೀಟಿ ಹೇಳಿದ ಮಾಂಡ್ವಿಯಲ್ಲಿ ಅಲ್ಲ.