ಬಾಲದಿಂದ ಎಣಿಸುವ ನಾಲ್ಕು

ವಿಂಡೋಸಿನ ಬ್ಯಾಚ್ ಫೈಲುಗಳಲ್ಲಿ ನಿನಗೆ ತುಂಬಾ ಇಷ್ಟವಾದ ತುಣುಕು ಯಾವುದು ಎಂದು ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಲೇ ಇದ್ದೇನೆ. ಯಾರೂ ಕೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ: ಡೇಟ್ ಎಂಬ ಪದದ ಬೆನ್ನಿಗೆ ಅಂಟಿಕೊಂಡು, ಎರಡು ಶೇಕಡಾ ಗುರುತುಗಳ ನಡುವೆ ಮೈ ಮುದುಡಿ ಕೂತಿರುವ :~-4.

ಭಾರತದ ರೂಢಿಗೆ ಹೊಂದಿಸಿದ ವಿಂಡೋಸಿನಲ್ಲಿ ಡೇಟ್ ಅಂದರೆ 17-08-2024 ಎಂಬಂತೆ ಉತ್ತರ ಬರುತ್ತದೆ. ಆ ಟಿಲ್ಡೆ (~) ಕೊಯ್ಯಲು ಹೇಳುತ್ತದೆ, ಮೈನಸ್ಸು ಬಾಲದಿಂದ ಎಣಿಸಲು ಹೇಳುತ್ತದೆ. ಚೆನ್ನಾಗಿ ಹಣ್ಣಾದ ಹಲಸಿನ ತೊಳೆ ಬಿಡಿಸಿಕೊಂಡ ಹಾಗೆ, ಅಂಟು ನಾರು ಒಂದೂ ಇಲ್ಲದೆ, ವರ್ಷ ಕೈಗೆ ಬರುತ್ತದೆ. ತಿಂಗಳಿಗೆ :~3,2. ದಿನಕ್ಕೆ :~0,2. ಮೊದಲ ಅಂಕಿ ಎಲ್ಲಿಂದ ಕೊಯ್ಯಬೇಕೆಂದು, ಎರಡನೆಯದು ಎಷ್ಟಕ್ಷರ ಎಂದು; ಎಣಿಕೆ ಸೊನ್ನೆಯಿಂದ ಶುರು. ಮೂರನ್ನೂ ತಿರುಗಿಸಿ ಜೋಡಿಸಿ, ಮುಂದೆ ಎಂಡಿ ಎಂಬ ಎರಡಕ್ಷರದ ಆಜ್ಞೆ ಇಟ್ಟರೆ, 2024-08-17 ಎಂಬ ಫೋಲ್ಡರ್ ಸಿದ್ಧ.

ವರ್ಷ ಮುಂದೆ ಬಂದದ್ದರಲ್ಲೇ ರುಚಿ ಇರುವುದು. ದಿನ ಮೊದಲಿಟ್ಟರೆ ಜನವರಿ ಒಂದು, ಫೆಬ್ರವರಿ ಒಂದು, ಮಾರ್ಚ್ ಒಂದು ಎಲ್ಲವೂ ಅಕ್ಕಪಕ್ಕ ಕೂತು ಗದ್ದಲ ಮಾಡುತ್ತವೆ. ವರ್ಷ ಮೊದಲಿಟ್ಟ ಮೇಲೆ ಹೆಸರಿನ ಸಾಲೇ ಕಾಲದ ಸಾಲು. ಮೇಲಿಂದ ಕೆಳಗೆ, ಒಂದೊಂದೇ ದಿನ, ಕಣ್ಣು ಎಲ್ಲೂ ಎಡವದೆ ಇಳಿದುಹೋಗುತ್ತದೆ. 1988ರ ಐಎಸ್ಒ 8601 ಮಾನಕವೂ ಇದೇ ಕ್ರಮ ಹಿಡಿದಿದೆ.

ಅಮೆರಿಕದ ಗಣಕಗಳಲ್ಲಿ ಇದೇ ದಿನಾಂಕ ಶನಿವಾರದ ಮೂರಕ್ಷರ ತಲೆಗೇರಿಸಿಕೊಂಡು, 08/17/2024 ಎಂದು ಬರುತ್ತದೆ. ಆ ಓರೆಗೆರೆಗೆ ಫೋಲ್ಡರಿನ ಹೆಸರಿನಲ್ಲಿ ಪ್ರವೇಶವಿಲ್ಲ, ನಮ್ಮ :~3,2 ಅಲ್ಲಿ ಒಂದು ಖಾಲಿ ಜಾಗವನ್ನೂ ಒಂದು ಸೊನ್ನೆಯನ್ನೂ ಕೊಯ್ದು ತರುತ್ತದೆ. ಆದರೆ ನನ್ನ :~-4 ನೋಡಿ, ಅಲ್ಲಿಯೂ ವರ್ಷವನ್ನೇ ಹಿಡಿಯುತ್ತದೆ!

ಹೆಸರಿಗೆ ಗಂಟೆಯನ್ನೂ ಸೇರಿಸುವ ಆಸೆಯಿದ್ದರೆ ಇನ್ನೊಂದು ಸೊಗಸು ಕಾದಿದೆ. ಬೆಳಿಗ್ಗೆ ಹತ್ತರೊಳಗೆ ಗಂಟೆಯ ಮುಂದೆ ಸೊನ್ನೆಯ ಬದಲು ಖಾಲಿ ಜಾಗ ಇರುತ್ತದೆ. ಅದಕ್ಕೆ ಮದ್ದು : =0. ಕೊಲನ್, ಒಂದು ಖಾಲಿ ಜಾಗ, ಸಮ, ಸೊನ್ನೆ. ಇಲ್ಲದ್ದನ್ನೇ ಹುಡುಕಿ ತುಂಬುವ ಇಂಥ ನಾಜೂಕು ಕೆಲಸ ನಾನು ಬೇರೆ ಕಡೆ ಕಂಡದ್ದು ಕಡಿಮೆ.

ಮಡಿವಂತರು ದಿನಾಂಕಕ್ಕೆ ಡಬ್ಲ್ಯೂಎಂಐಸಿ ಎಂಬ ವಿಂಡೋಸ್ ಆಜ್ಞೆಯನ್ನು ಕೇಳುತ್ತಿದ್ದರು; ಯಾವ ದೇಶದ ರೂಢಿಯಿದ್ದರೂ ಅದರ ಉತ್ತರ ಒಂದೇ ಅಚ್ಚಿನದು: 20240817091542.123000+330. ಮೊದಲ ಎಂಟಂಕಿ ಕೊಯ್ದರೆ ಹೆಸರು ತಯಾರು. ಕೊನೆಯ ಆ 330 ನಮ್ಮದೇ, ಗ್ರೀನಿಚ್‌ಗಿಂತ ನಾವು ಮುಂದಿರುವ ಐದೂವರೆ ಗಂಟೆ ನಿಮಿಷಗಳಾಗಿ ನಿಂತದ್ದು. ಆ ಡಬ್ಲ್ಯೂಎಂಐಸಿಯನ್ನು ವಿಂಡೋಸ್ 11 ಈಗ ಕೈಬಿಡುತ್ತಿದೆ. ಅದರ ಬದಲಿಗೆ ಪವರ್‌ಶೆಲ್ ಒಂದೇ ಮಾತಿಗೆ ದಿನಾಂಕವನ್ನು ಬೇಕಾದ ಕ್ರಮದಲ್ಲಿ ಕೊಡುತ್ತದೆ. ದೊಡ್ಡ ಎಂ ಬರೆದರೆ ತಿಂಗಳು, ಚಿಕ್ಕದು ಬರೆದರೆ ನಿಮಿಷ, ಅಷ್ಟೇ ಎಚ್ಚರ ಸಾಕು. ಅನುಕೂಲವೇನೋ ಹೌದು. ನಾನಂತೂ ಇನ್ನೂ ಕೊಯ್ದೇ ತಿನ್ನುವವನು.