ಚೂಪಾದ ತುಣುಕುಗಳು

‘ಲೈಕ್’, ‘ಆ್ಯಸ್’ ಕಂಡರೆ ಸಿಮಿಲಿ, ಕಾಣದಿದ್ದರೆ ಮೆಟಫರ್. ಚಿಕ್ಕೋಡಿ, ರಾಯಬಾಗದಿಂದ ಕಾಗವಾಡದವರೆಗೆ ಹತ್ತನೇ ತರಗತಿಯ ಮಕ್ಕಳಿಗೆ ಈ ಸೂತ್ರ ಬಾಯಿಪಾಠ. ಅಂಕ ಬರುತ್ತದೆ, ರೂಪಕದ ರುಚಿ ಮಾತ್ರ ಹತ್ತುವುದಿಲ್ಲ.

ಆ ರುಚಿ ಹತ್ತಿಸಲು ನನಗೆ ಒದಗಿದ್ದು ‘ಫ್ಲಾರೆನ್ಸ್’ ಎಂಬ ಮೊಬೈಲ್ ಆಟ. ಕೆನ್ ವಾಂಗ್ ಮತ್ತು ಅವರ ಮೆಲ್ಬರ್ನಿನ ಪುಟ್ಟ ತಂಡ 2018ರಲ್ಲಿ ಹೊರತಂದದ್ದು. ಫ್ಲಾರೆನ್ಸ್ ಎಂಬ ಹುಡುಗಿ, ಕ್ರಿಶ್ ಎಂಬ ಚೆಲ್ಲೋ ವಾದಕ. ಒಲವು, ಕೂಡಿ ಬಾಳುವೆ, ಅಗಲಿಕೆ. ಪ್ರೇಮಕಥೆಯೆಂದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಇದ್ದದ್ದೇ. ಮೋಜೆಂದರೆ, ಇಂಗ್ಲಿಷ್ ತಾಸಿಗೆ ತಂದ ಈ ಆಟದಲ್ಲಿ ಪ್ರೇಮಿಗಳ ಮಾತು ಅಕ್ಷರದಲ್ಲಿ ಮೂಡುವುದೇ ಇಲ್ಲ. ನಿಪ್ಪಾಣಿಯ ಮರಾಠಿ ಮನೆಯ ಹುಡುಗನಿಗೂ ಅಥಣಿಯ ಕನ್ನಡದ ಹುಡುಗಿಗೂ ಅದು ಒಂದೇ ಅಳತೆ.

ಇಬ್ಬರೂ ಮೊದಲ ಸಲ ಊಟಕ್ಕೆ ಕೂತಿದ್ದಾರೆ. ಫ್ಲಾರೆನ್ಸ್ ಮಾತಾಡಬೇಕಾದರೆ ಖಾಲಿ ಮಾತಿನ ಗುಳ್ಳೆಯೊಳಗೆ ಬಣ್ಣದ ತುಣುಕುಗಳನ್ನು ನಾವೇ ಬೆರಳಿನಿಂದ ಹೊಂದಿಸಬೇಕು. ತುಣುಕುಗಳು ಬಹಳ, ಕೈ ತಡವರಿಸುತ್ತದೆ. ಸಲುಗೆ ಬೆಳೆದಂತೆ ತುಣುಕುಗಳು ಕಡಿಮೆಯಾಗುತ್ತ ಬಂದು ಮಾತು ಸಲೀಸಾಗುತ್ತದೆ. ಯಾರೂ ವಿವರಿಸುವುದಿಲ್ಲ, ಬೆರಳಿಗೇ ತಿಳಿಯುತ್ತದೆ. ಮುಂದೆ ಜಗಳ. ಈಗ ತುಣುಕುಗಳ ಅಂಚು ಮೊನಚು. ಎದುರಿನವನಿಗಿಂತ ಮೊದಲು ನಮ್ಮ ಗುಳ್ಳೆ ತುಂಬಿಸುವ ಅವಸರ. ‘ಚೂಪ ಆಗ್ಯಾವಲ್ರೀ ಸರ, ಚುಚ್ಚು ಮಾತಿನಂಗ’ ಎಂದ ಒಬ್ಬ. ಉಪಮೆಯನ್ನು ಹೆಸರಿಸುವ ಗೊಡವೆಯೇ ಇಲ್ಲದೆ ತಾನೇ ಒಂದನ್ನು ಕಟ್ಟಿಬಿಟ್ಟಿದ್ದ.

ಎಲ್ಲ ಆಟಕ್ಕೂ ಈ ಗುಣವಿಲ್ಲ. ಪಬ್‌ಜಿಯಲ್ಲಿ ವೃತ್ತ ಕಿರಿದಾಗುತ್ತದೆ, ಎದೆ ಡವಗುಟ್ಟುತ್ತದೆ. ಆದರೆ ಆ ವೃತ್ತ ಬರೀ ವೃತ್ತವೇ. ಇಲ್ಲಿ ತುಣುಕು ತುಣುಕಷ್ಟೇ ಅಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಕಪಾಟಿನ ಪ್ರಸಂಗ. ಕ್ರಿಶ್ ಫ್ಲಾರೆನ್ಸಳ ಮನೆ ಸೇರಲು ಬಂದಿದ್ದಾನೆ. ಅವನ ಸಾಮಾನಿಗೆ ಜಾಗ ಮಾಡಬೇಕಾದರೆ ಅವಳ ಯಾವ ವಸ್ತು ಡಬ್ಬಿ ಸೇರಬೇಕು? ತೀರ್ಮಾನ ನಮ್ಮದು. ಇಂಥದ್ದನ್ನು ಸಿಂಬಲ್ ಎಂದು ಹಲಗೆಯ ಮೇಲೆ ಬರೆಯುವ ಮೊದಲು ನಾನು ಪಾರಿಜಾತ ನೆನಪಿಸಿದೆ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ ‘ಶ್ರೀಕೃಷ್ಣ ಪಾರಿಜಾತ’ ನಮ್ಮ ಬೆಳಗಾವಿ ಸೀಮೆಯ ಬಯಲಾಟ. ನಾರದ ತಂದ ಒಂದು ಹೂವು ರುಕ್ಮಿಣಿಗೆ ಹೋಯಿತೆಂದು ಸತ್ಯಭಾಮೆಗೆ ಅಷ್ಟು ಕೋಪವೇಕೆ? ಹೂವಿಗಾಗಿ ಅಲ್ಲವೆಂದು ಅಟ್ಟದ ಮುಂದೆ ಕೂತ ಅಜ್ಜಿಗೂ ಗೊತ್ತು. ಕಪಾಟಿನ ಜಾಗವೂ ಅಂಥದ್ದೇ: ಯಾರಿಗೆ ಎಷ್ಟು? ಮುಂದೆ ಅವನು ಬಿಟ್ಟುಹೋಗುವಾಗ ಅದೇ ಸಾಮಾನನ್ನು ನಮ್ಮ ಕೈಯಿಂದಲೇ ಕಟ್ಟಿಸುತ್ತಾರೆ. ಇದು ಕ್ರೂರ, ಆದರೆ ಕಲೆಗಾರಿಕೆಯ ಕ್ರೌರ್ಯ.

ಕೊನೆಯ ಭಾಗ ಮಾತ್ರ ನನಗೆ ಸಪ್ಪೆ. ಚಿತ್ರಕಲೆಗೆ ಮರಳುವ ಫ್ಲಾರೆನ್ಸಳಿಗೆ ಯಶಸ್ಸು ಸುಲಭವಾಗಿ ದಕ್ಕುತ್ತದೆ. ಬೆರಳಿಗೆ ಆವರೆಗೆ ಇದ್ದ ತೊಡಕೇ ಇಲ್ಲ. ಮಕ್ಕಳು ಒಪ್ಪಲಿಲ್ಲ. ಅಷ್ಟು ಅತ್ತ ಮೇಲೆ ಅಷ್ಟಾದರೂ ಸಿಗಬೇಡವೇ ಎಂದು ತಕರಾರು ತೆಗೆದರು. ಆ ತಾಸೆಲ್ಲ ಅದರಲ್ಲೇ ಹೋಯಿತು. ವ್ಯಾಕರಣದ ಗೈಡ್ ಬ್ಯಾಗಿನಿಂದ ಹೊರಬೀಳಲಿಲ್ಲ.